ಅಳೆದವರೇ ಒದರಬೇಕು

ಹೋದ ವಾರ ನೇಸರಗಿಯ ನಮ್ಮ ಮನೆಯಲ್ಲಿ ಜೋಳದ ಚೀಲವೊಂದು ನೆನೆಯಿತು. ಮಾಳಿಗೆ ಸೋರಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಚೀಲದ ಬಾಯಿ ಬಿಚ್ಚಿದ ಕೂಡಲೇ ಬಿಸಿ ಹಬೆಯೊಂದಿಗೆ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಮಗಳು ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ನಾನು ಸರಿಯಲಿಲ್ಲ. ಆ ವಾಸನೆ ನನಗೆ ಹಳೆಯ ಪರಿಚಯ. ಮಲಪ್ರಭೆಯ ದಂಡೆಯ ಒಂದು ಊರಿಗೆ ಊರೇ ಒಂದು ಶ್ರಾವಣದಲ್ಲಿ ಹೀಗೆ ನಾರಿತ್ತು, ಆ ನಾತದಲ್ಲಿ ನನ್ನ ಪಾಲೂ ಇತ್ತು.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಮುಂಜಾನೆಯ ಬಸ್ಸಿಗೇ ಜಗಳಕ್ಕೆ ಬರುವ ಜನ ಅವರು. ಸುರೇಬಾನದಲ್ಲಿ ಬಸ್ಸಿಳಿದು ಟಂಟಂ ರಿಕ್ಷಾ ಹಿಡಿದು ಹೊಳೆಯ ಕಡೆ ಅರ್ಧ ತಾಸು ಕುಲುಕಿಸಿಕೊಂಡು ಹೋದರೆ ಸಿಗುತ್ತದೆ ಅಂದರೆ ಸಾಕು. ಆಗ ನಾವಿದ್ದ ಬೈಲಹೊಂಗಲದಲ್ಲಿ ಮನೆಯಿಂದ ಎರಡು ಓಣಿ ದಾಟಿದರೆ ಸಿಗುತ್ತಿದ್ದ ಶಾಲೆಯಿಂದ ಎತ್ತಿ, ನಿವೃತ್ತಿಗೆ ಐದು ವರ್ಷ ಉಳಿದಿದ್ದಾಗ ನನ್ನನ್ನು ಅಲ್ಲಿಯ ಶಾಲೆಗೆ ಟೀಚರಾಗಿ ಹಾಕಿದರು. ನಾನು ಸಿಟ್ಟಿನಲ್ಲೇ ಹೋದೆ. ನನಗೆ ಆ ಊರು ಬೇಡವಾಗಿತ್ತು, ಆ ಊರಿಗೆ ನಾನು ಬೇಡವಾಗಿದ್ದೆ. ನನಗಿಂತ ಮೊದಲಿದ್ದ ಮಾಸ್ತರು ಊರವರ ಕಣ್ಮಣಿಯಂತೆ. ಹೋದ ಮೊದಲ ದಿನದಿಂದ ಅವರು ಹಾಗಿದ್ದರು, ಅವರು ಹೀಗಿದ್ದರು ಅಂತ ಕೇಳಿ ಕೇಳಿ, ಆ ಪುಣ್ಯಾತ್ಮನ ಮುಖ ನೋಡದೆಯೇ ಅವನ ಮೇಲೂ ನನಗೆ ಕೋಪ ಹುಟ್ಟಿತು.

ನನಗೆ ಕೋಣೆ ಕೊಟ್ಟವಳು ಗಂಗವ್ವ. ಎಪ್ಪತ್ತರ ಮೇಲಿನ ಮುದುಕಿ, ಸೊಂಟ ಮಾತ್ರ ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ಮಗ ಸೊಸೆ ಹೊಲದ ಮನೆಯಲ್ಲಿದ್ದರು. ಒಂದು ಒಲೆಯ ಮುಂದೆ ಇಬ್ಬರು ಹೆಂಗಸರು ಕೂಡಬಾರದು ಅಂತ ಇವಳೇ ಅವರನ್ನು ಕಳಿಸಿದ್ದಳು. ಮನೆಯ ಮುಂಭಾಗದ ತಗ್ಗಿನಲ್ಲಿ ಚಂದ್ರಿ ಅನ್ನುವ ಎಮ್ಮೆ, ಒಳಗಿನ ಎತ್ತರದಲ್ಲಿ ಗಂಗವ್ವ, ಪಕ್ಕದ ಕೋಣೆಯಲ್ಲಿ ನಾನು. ನಾನು ಟ್ರಂಕು ಇಳಿಸುವಾಗ ಅವಳು ಹೇಳಿದ ಮೊದಲ ಮಾತು ಇದು:

"ಅಕ್ಕೋರ, ಈ ಮನ್ಯಾಗ ಮೊದಲ ಚಂದ್ರಿ, ಆಮ್ಯಾಲೆ ನಾನು, ಆಮ್ಯಾಲೆ ನೀವು. ಹಂಗ ಇರೂದಾದ್ರ ಇರ್ರಿ."

"ಎಮ್ಮಿಕಿಂತ ಕಡಿಮೀನ ನಾ?"

"ಎಮ್ಮಿ ಹಾಲ ಕೊಡತೇತಿ. ನೀವೇನ ಕೊಡತೀರಿ?"

ಆವತ್ತಿನಿಂದ ನಮ್ಮಿಬ್ಬರ ಜಗಳ ಶುರುವಾಯಿತು. ನನ್ನ ಸಾಬೂನಿನ ನೀರು ಚಂದ್ರಿಯ ಕಾಲಿಗೆ ಹರಿಯಿತು ಅಂತ ಒಂದು ದಿನ, ಚಂದ್ರಿಯ ಗಂಜಲ ನನ್ನ ಬಾಗಿಲಿಗೆ ಹರಿಯಿತು ಅಂತ ಮರುದಿನ. ಆದರೂ ದಿನಾ ಸಂಜೆ ಕಂಚಿನ ಬಟ್ಟಲಿನಲ್ಲಿ ಗಟ್ಟಿ ಮೊಸರು ನನ್ನ ಹೊಸ್ತಿಲ ಮೇಲೆ ಬಂದು ಕೂತಿರುತ್ತಿತ್ತು. ಬೈಯುತ್ತಲೇ ತಂದಿಡುತ್ತಿದ್ದಳು. ನಾನೂ ಬೈಯುತ್ತಲೇ ಉಣ್ಣುತ್ತಿದ್ದೆ.

ಊರು ಎರಡು ಓಣಿಯದು. ಕೆಳಗಿನ ಓಣಿ ಹೊಳೆಯ ಕಡೆ, ಅಲ್ಲೇ ಬಸವಣ್ಣನ ಗುಡಿ. ಮೇಲಿನ ಓಣಿಯಲ್ಲಿ ಗಂಗವ್ವನ ಮನೆ. ಅದಕ್ಕೂ ಮೇಲೆ ದಿಬ್ಬದ ಮೇಲೆ ನಮ್ಮ ಶಾಲೆ. ಗುಡಿಯ ಮುಂದೆ ಕಲ್ಲಿನ ದೀಪದ ಕಂಬ. ಆ ಕಂಬದ ಮೇಲೊಂದು ಅಡ್ಡ ಗೆರೆ. ಗಂಗವ್ವನ ಮಾವನ ಕಾಲದಲ್ಲಿ ಊರು ನುಗ್ಗಿದ ಹೊಳೆ ಎಲ್ಲಿವರೆಗೆ ಏರಿತ್ತೋ ಅಲ್ಲಿ ಉಳಿಯಿಂದ ಹೊಡೆದ ಗೆರೆ ಅದು. ಅದನ್ನು ಹೊಡೆದದ್ದು ಕಲ್ಲುಕುಟಿಗರ ಮೌಲಾಸಾಬನ ಅಜ್ಜ. ಆಮೇಲೆ ಮೇಲಿನ ಓಣಿಯವರೆಲ್ಲ ತಮ್ಮ ಮನೆಯ ಹೊಸ್ತಿಲನ್ನು ಆ ಗೆರೆಯ ಮಟ್ಟಕ್ಕೆ ಸರಿಯಾಗಿ ಕೂಡಿಸಿದರು. ಗೆರೆಗೆ ನೀರು ಬಂದರೆ ಹೊಸ್ತಿಲಿಗೆ ನೀರು ಬಂತು ಅಂತ ಅರ್ಥ. ಹೊಳೆ ಏರಿದಾಗಲೆಲ್ಲ ಊರವರು ಆಕಾಶ ನೋಡುತ್ತಿರಲಿಲ್ಲ, ರೇಡಿಯೋ ಕೇಳುತ್ತಿರಲಿಲ್ಲ, ಗೆರೆ ನೋಡುತ್ತಿದ್ದರು. ಗೆರೆಗೆ ಇನ್ನೂ ಒಂದು ಮೊಳ ಐತಿ ಅನ್ನುವತನಕ ಮೇಲಿನ ಓಣಿಯಲ್ಲಿ ಒಬ್ಬರೂ ಗಂಟು ಕಟ್ಟುತ್ತಿರಲಿಲ್ಲ.

ನಾನು ಹೋಗುವ ಮೂರು ವರ್ಷ ಮೊದಲು ಗುಡಿಗೆ ಜೀರ್ಣೋದ್ಧಾರ ಆಗಿತ್ತು. ಓಣಿಯಲ್ಲಿ ಗಟಾರ ಇರಲಿಲ್ಲ, ಗುಡಿಗೆ ಮಾತ್ರ ಹೊಳೆಯುವ ಟೈಲ್ಸು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ. ಗುಡಿಯ ಮುಂದೆ ಎತ್ತರದ ಹೊಸ ಕಟ್ಟೆ ಕಟ್ಟಿ, ದೀಪದ ಕಂಬವನ್ನು ಸರಪಳಿ ಹಾಕಿ ಎತ್ತಿ, ಕಟ್ಟೆಯ ಮೇಲೆ ನಿಲ್ಲಿಸಿದ್ದರು.

ಜೂನ್ ಕೊನೆಗೆ ಏಳನೇ ಇಯತ್ತೆಯ ಮಕ್ಕಳಿಗೆ ನಮ್ಮ ಊರು ಅನ್ನುವ ಪಾಠ ಬಂತು. ಶಾಲೆಯ ಕಪಾಟಿನಲ್ಲಿ ಆ ಕಣ್ಮಣಿ ಮಾಸ್ತರು ಬರೆದಿಟ್ಟ ಊರಿನ ನಕ್ಷೆಯ ಹಾಳೆ ಸಿಕ್ಕಿತು. ಗುಡಿ, ಬಾವಿ, ಹೊಳೆ ಎಲ್ಲ ಬಣ್ಣದಲ್ಲಿ. ಕಂಬದ ಪಕ್ಕದಲ್ಲಿ ಅಂದವಾದ ಅಕ್ಷರದಲ್ಲಿ ಬರೆದಿದ್ದರು: "ಹೊಳೆಯ ಗೆರೆ. ಓಣಿಯ ನೆಲದಿಂದ ನಾಲ್ಕು ಮೊಳ." ಇವನ ಲೆಕ್ಕದಲ್ಲಿ ಒಂದಾದರೂ ತಪ್ಪು ಹಿಡಿಯಬೇಕು ಅಂತ ನನಗೆ ಚಟ ಹತ್ತಿತು. ಒಂದು ಮೊಳದ ಕೋಲು ಕಡಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಗುಡಿಯ ಕಡೆ ಹೊರಟೆ. ಬಾಗಿಲಲ್ಲಿ ಗಂಗವ್ವ ಕೂತಿದ್ದಳು.

"ಗೆರಿ ಅಳ್ಯಾಕ ಹೊಂಟೀರೇನ್ರಿ? ಅಳೀರಿ. ಆದ್ರ ಅಳ್ದವ್ರ ಒದರಬೇಕು ನೋಡ್ರಿ. ನಮ್ಮೂರ ಪದ್ಧತಿ ಅದು. ಮೌಲಾಸಾಬನ ಮುತ್ಯಾ ಗೆರಿ ಹೊಡದ ದಿನ ಓಣಿ ಓಣಿ ತಿರುಗಿ ಒದರಿದ್ನಂತ, ಇಷ್ಟ ಮೊಳ, ಇಷ್ಟ ಮೊಳ ಅಂತ. ಹಂಗ ಒದರಿದ್ದಕ್ಕ ಎಲ್ಲಾರೂ ಹೊಸ್ತಿಲಾ ಎತ್ತಿಸಿದ್ರು."

"ಎಷ್ಟ ಮೊಳ ಅಂತ ಒದರಿದ್ದ ಆಯಿ?"

"ಯಾಂವಗ ನೆನಪೈತಿ? ಕಲ್ಲ ನಿಂತೈತೆಲ್ಲ, ನೆನಪ ಯಾಕ ಬೇಕು?"

ಮಕ್ಕಳು ಓಣಿಯ ನೆಲದಿಂದ ಕೋಲು ಹಿಡಿದು ಎಣಿಸಿದರು. "ಅಕ್ಕೋರ, ಆರು ಆತು" ಅಂದಳು ಒಬ್ಬ ಹುಡುಗಿ. ಎಣಿಸಾಕ ಬರೂದಿಲ್ಲ ನಿನಗ ಅಂತ ಗದರಿಸಿದೆ. ನಾನೇ ಅಳೆದೆ. ಆರು. ಮತ್ತೆ ಅಳೆದೆ. ಆರೇ. ಆಮೇಲೆ ಕಟ್ಟೆಯೊಂದನ್ನೇ ಅಳೆದು ನೋಡಿದೆ. ಎರಡು ಮೊಳ.

ಅಷ್ಟೊತ್ತಿಗೆ ತಿಳಿಯಿತು. ಮಾಸ್ತರ ಲೆಕ್ಕ ತಪ್ಪಿರಲಿಲ್ಲ. ಕಂಬವನ್ನು ಎರಡು ಮೊಳ ಎತ್ತಿದಾಗ ಅದರ ಮೈಮೇಲಿನ ಗೆರೆಯೂ ಎರಡು ಮೊಳ ಮೇಲೆ ಹೋಗಿತ್ತು. ಊರಿಗೆ ಊರೇ ನಿಂತು ಕಂಬ ಎತ್ತಿದ್ದನ್ನು ನೋಡಿತ್ತು, ಕಾಯಿ ಒಡೆದಿತ್ತು, ಚಪ್ಪಾಳೆ ತಟ್ಟಿತ್ತು. ಗೆರೆಯೂ ಕಂಬದ ಜೊತೆ ಎದ್ದಿತು ಅನ್ನುವುದು ಮಾತ್ರ ಯಾರಿಗೂ ಹೊಳೆದಿಲ್ಲ ಅಂತ ನಾನು ಆಗ ತಿಳಿದೆ. ಕಟ್ಟೆಯ ಮೇಲೆ ನಿಂತವನಿಗೆ ಗೆರೆ ಮೊದಲಿನ ಹಾಗೆ ತಲೆಯ ಮಟ್ಟಕ್ಕೇ ಕಾಣುತ್ತಿತ್ತು. ಅದಕ್ಕೇ ಸಮಾಧಾನ.

ಗುಡಿಯ ಕಮಿಟಿಗೆ ಹಿರಿಯರು ಮಲ್ಲನಗೌಡರು. ನಾಲ್ಕು ಜನರ ನಡುವೆ ಕಟ್ಟೆಯ ಮೇಲೆ ಕೂತಿದ್ದರು. ಹೋಗಿ ಹೇಳಿದೆ. ಕಂಬದ ಗೆರೆ ಸುಳ್ಳು ಹೇಳುತ್ತಿದೆ, ಎರಡು ಮೊಳ ಕೆಳಗೆ ಹೊಸ ಗೆರೆ ಹೊಡೆಸಬೇಕು ಅಂದೆ. ಗೌಡರು ನನ್ನನ್ನು ನೋಡಲಿಲ್ಲ, ಪಕ್ಕದವರನ್ನು ನೋಡಿ ಮಾತಾಡಿದರು.

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ. ಅಕ್ಕೋರಿಗೆ ಎಣಸಾಕ ಬರದಿದ್ರ ದೇವರ ಕಲ್ಲ ಏನ ಮಾಡತೇತಿ?"

ಎಲ್ಲರೂ ನಕ್ಕರು. ಮಕ್ಕಳ ಮುಂದೆ ನಕ್ಕರು.

"ಎರಡ ಎರಡ್ಲೆ ನಾಕ ಕಲಸ್ರಿ ಅಕ್ಕೋರ. ಕಂಬ ಅಳ್ಯಾಕ ಸರಕಾರ ನಿಮ್ಮನ್ನ ಕಳಿಸಿಲ್ಲ."

ಮಕ್ಕಳನ್ನು ದರದರ ಎಳೆದುಕೊಂಡು ಬಂದೆ. ಬಾಗಿಲಲ್ಲಿ ಗಂಗವ್ವ ಇನ್ನೂ ಕೂತಿದ್ದಳು. ಆವತ್ತು ಮುಂಜಾನೆಯೇ ನೀರಿನ ಕೊಡದ ಸಲುವಾಗಿ ನಮ್ಮಿಬ್ಬರಿಗೆ ಹತ್ತಿಕೊಂಡಿತ್ತು.

"ಎಷ್ಟಾತ್ರಿ? ಒದರಲೇ ಇಲ್ಲಲ್ಲ?"

"ನಿಮ್ಮೂರ ಕಲ್ಲ ನಿಮಗ ಇರ್ಲಿ. ನನಗ್ಯಾಕ ಬೇಕು?" ಅಂದು ಬಾಗಿಲು ಹಾಕಿಕೊಂಡೆ.

ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಬಾಗಿಲ ಹಿಂದೆ ನಿಂತು ನಾನು ಅಂದುಕೊಂಡದ್ದು ಹೀಗೆ: ಬರಲಿ ಹೊಳೆ, ಆಗ ಗೊತ್ತಾಗುತ್ತದೆ ಇವರ ಸೊಕ್ಕು. ನಕ್ಷೆಯ ಹಾಳೆ ಸುತ್ತಿ ಕಪಾಟಿನಲ್ಲಿಟ್ಟೆ. ಜುಲೈ ಪೂರ್ತಿ ಯಾರಿಗೂ ಹೇಳಲಿಲ್ಲ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರೆ. ನಾನು ಕೊಯ್ದದ್ದು ನನ್ನ ಮೂಗನ್ನಲ್ಲ.

ಶ್ರಾವಣ ಬಂತು. ನಮ್ಮಲ್ಲಿ ಬರೀ ಜಿಟಿಜಿಟಿ. ಅದು ಬೆಳೆಗೂ ಸಾಲದು, ಧೂಳೂ ಅಡಗದು ಅನ್ನುವಂಥ ಮಳೆ. ಆದರೆ ಮೇಲೆ ಖಾನಾಪುರದ ಕಾಡಿನ ಕಡೆ ಹಗಲಿರುಳು ಸುರಿಯುತ್ತಿತ್ತಂತೆ. ಸವದತ್ತಿಯ ಕಡೆಯಿಂದ ಬಂದ ಬಸ್ಸಿನವರು ಡ್ಯಾಮು ತುಂಬಿ ನೀರು ಬಿಟ್ಟಾರ ಅಂತ ಹೇಳಿಹೋದರು. ಮರುದಿನ ಶಾಲೆಗೆ ರಜೆ ಅಂತ ಸುದ್ದಿ ಬಂತು. ಮುಂಜಾನೆ ಎದ್ದು ನೋಡಿದರೆ ಚಹಾದ ಬಣ್ಣದ ನೀರು ಕೆಳಗಿನ ಓಣಿಯಲ್ಲಿ ನಿಂತಿತ್ತು. ಹೊಳೆ ಸದ್ದು ಮಾಡುತ್ತಾ ಬರುತ್ತದೆ ಅಂದುಕೊಂಡಿದ್ದೆ. ಅದು ಕಳ್ಳನ ಹಾಗೆ ಬಂದಿತ್ತು. ಹುಲ್ಲಿನ ಬಣವೆಯೊಂದು ತೇಲಿಕೊಂಡು ಗುಡಿಯ ಪಕ್ಕದಲ್ಲೇ ಹೋಯಿತು, ಅದರ ಮೇಲೆ ನಾಲ್ಕು ಕೋಳಿ ಕೂತಿದ್ದವು.

ಕೆಳಗಿನ ಓಣಿಯವರು ಪದ್ಧತಿಯಂತೆ ಗಂಟು ಮೂಟೆ ಹೊತ್ತು ಮೇಲಿನ ಓಣಿಗೆ ಬಂದರು. ಗಂಗವ್ವನ ಪಡಸಾಲೆಯಲ್ಲಿಯೂ ಎರಡು ಮನೆಯವರು ಕೂತರು. ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಗಂಗವ್ವ ಎಲ್ಲರಿಗೂ ಚಹಾ ಕಾಸಿದಳು. ಓಣಿಯ ಮೂಲೆಯಲ್ಲಿ ಗಂಡಸರು ನಿಂತು ದೂರದ ಕಂಬ ನೋಡುತ್ತಾ ಕೂಗು ಹಾಕುತ್ತಿದ್ದರು: "ಇನ್ನೂ ಮೂರ ಮೊಳ ಐತಿ!" ಆ ಕೂಗು ಮನೆಯಿಂದ ಮನೆಗೆ ಹೋಗುತ್ತಿತ್ತು. ಊಟದ ಹೊತ್ತಿಗೆ "ಎರಡ ಮೊಳ!" ಅಂದರು. ಅದೇ ಹೊತ್ತಿಗೆ ನಾನು ಹೊಸ್ತಿಲ ಕಡೆ ನೋಡಿದೆ. ನೀರು ಅಲ್ಲಿಗೆ ಬಂದು ಮೂಸಿ ನೋಡುತ್ತಿತ್ತು.

"ಆಯಿ, ಹೊಸ್ತಿಲಿಗೆ ನೀರ ಬಂತು. ಏಳು, ಸಾಲಿ ದಿಬ್ಬಕ್ಕ ಹೋಗೂಣು."

ಗಂಗವ್ವ ಬಗ್ಗಿ ನೋಡಿದಳು. ಕಂಬದ ಕಡೆಯ ಕೂಗಿಗೆ ಕಿವಿಗೊಟ್ಟಳು. ಮತ್ತೆ ಹೊಸ್ತಿಲು ನೋಡಿದಳು.

"ಗೆರಿಗೆ ಎರಡ ಮೊಳ ಐತಿ ಅನ್ನಾಕತ್ತಾರ. ನನ್ನ ಹೊಸ್ತಿಲಾ ಗೆರಿಗೆ ಸಮ. ಹಂಗಾದ್ರ ಮನೀನ ಕುಸದೈತಿ. ಹಳೇ ಮನಿ, ಭೂಮಿಗೆ ಇಳದೈತಿ."

ಪಕ್ಕದ ಮನೆಯವಳು ಅತ್ತ ಕಡೆಯಿಂದ ದನಿಗೂಡಿಸಿದಳು. "ನಮ್ಮದೂ ಕುಸದೈತಿ ನೋಡ ಗಂಗವ್ವ, ನಮ್ಮ ಹೊಸ್ತಿಲಿಗೂ ಬಂದೈತಿ!"

ಮೇಲಿನ ಓಣಿಯ ಇಡೀ ಸಾಲು ಮನೆಗಳು ಒಂದೇ ದಿನ, ಒಂದೇ ಅಳತೆಗೆ, ಒಟ್ಟಿಗೇ ಕುಸಿದವು ಅಂತ ನಂಬಲು ಆ ಜನ ತಯಾರಿದ್ದರು. ಕಲ್ಲು ತಪ್ಪು ಹೇಳುತ್ತದೆ ಅನ್ನಲು ತಯಾರಿರಲಿಲ್ಲ. ನಗು ಬರುವ ಮಾತು, ಆದರೆ ನಗುವ ಹೊತ್ತಲ್ಲ ಅದು. ಗೆರೆ ಇರಬೇಕಾದಲ್ಲಿಗೆ ನೀರು ಆಗಲೇ ಬಂದಾಗಿತ್ತು. ಮೌಲಾಸಾಬನ ಅಜ್ಜನ ಕಾಲದ ಹೊಳೆಯ ಮಟ್ಟ ಮುಟ್ಟಿ ಅದು ಇನ್ನೂ ಏರುತ್ತಿತ್ತು. ಊರಲ್ಲಿ ಅದು ಗೊತ್ತಿದ್ದವಳು ನಾನು.

ಮೂಲೆಗೆ ಓಡಿದೆ. ಮೊಳಕಾಲು ನೀರು. ಗೌಡರು ಛತ್ರಿ ಹಿಡಿದು ನಿಂತಿದ್ದರು.

"ಗೆರಿ ಸುಳ್ಳ ಐತ್ರಿ! ಕಂಬ ಎತ್ತ್ಯಾರ, ಗೆರೀನೂ ಎದ್ದೈತಿ! ಹಳೇ ಹೊಳಿ ದಾಟಿ ನೀರ ಬರಾಕತ್ತೇತಿ, ಎಲ್ಲಾರೂ ಮನಿ ಬಿಡ್ರಿ!"

"ಅಕ್ಕೋರ," ಅಂದರು ಗೌಡರು, "ಹೆಂಗಸ್ರು ಮಕ್ಕಳು ಗಾಬರಿ ಆಗತಾವು. ಒಳಗ ಹೋಗ್ರಿ. ಬಂದಾಗಿಂದ ಊರಿಗೆ ಕೊಂಕ ಹಿಡ್ಯೂದ ಆತು ನಿಮ್ಮದು."

ಅದರಲ್ಲಿ ಸುಳ್ಳಿರಲಿಲ್ಲ. ಎರಡು ತಿಂಗಳು ಎಲ್ಲರ ಮೇಲೂ ಹರಿಹಾಯ್ದವಳ ಮಾತನ್ನು ಆ ಒಂದು ದಿನ ಯಾರಾದರೂ ಯಾಕೆ ಕೇಳಬೇಕು? ಜನ ನನ್ನನ್ನು ಬಿಟ್ಟು ಕಂಬವನ್ನೇ ನೋಡುತ್ತಾ ನಿಂತರು. ಆಗ ಹಿಂದಿನಿಂದ ಒಬ್ಬ ಮುಂದೆ ಬಂದ. ಮೌಲಾಸಾಬ. ಬೀಸುಕಲ್ಲಿಗೆ ಉಳಿ ಹಾಕಿಕೊಂಡು ಬದುಕುತ್ತಿದ್ದ, ಮಾತು ಕಡಿಮೆಯ ಮನುಷ್ಯ.

"ಅಕ್ಕೋರ ಹೇಳೂದು ಖರೆ ಐತಿ," ಅಂದ. "ಕಂಬಕ್ಕ ಸರಪಳಿ ಹಾಕಿದಾಂವ ನಾನ. ಅವತ್ತ ಗೌಡ್ರಿಗೆ ಹೇಳಿದ್ದೆ, ಗೆರಿ ಕೆಳಗ ಹೊಡೀಬೇಕು ಅಂತ. ದೇವರ ಕಲ್ಲಿಗೆ ಎರಡ ಸಲ ಉಳಿ ಹಚ್ಚಬಾರ್ದು ಅಂದ್ರು. ಬಿಟ್ಟೆ. ಈಗ ಬಿಡೂದಿಲ್ಲ. ನಮ್ಮ ಮುತ್ಯಾನ ಆಣಿ ಮಾಡಿ ಹೇಳತೇನಿ, ಹೊಂಡ್ರಿ!"

ಗೆರೆ ಹೊಡೆದವನ ಮೊಮ್ಮಗನ ಆಣೆ ಆ ಊರಿಗೆ ನಾಟಿತು. ಎಲ್ಲರೂ ಓಡಿದರು. ನಾನು ಗಂಗವ್ವನ ಮನೆಗೆ ವಾಪಸ್ಸು ಬಂದಾಗ ಒಳಗೆ ಸೊಂಟದ ಹತ್ತಿರ ನೀರು. ಪಡಸಾಲೆಯಲ್ಲಿದ್ದವರು ದಿಬ್ಬ ಹತ್ತಿಯಾಗಿತ್ತು. ಗಂಗವ್ವ ಚಂದ್ರಿಯ ಗೂಟದ ಹತ್ತಿರ ಬಗ್ಗಿದ್ದಳು. ತಗ್ಗಿನ ಜಾಗ, ಎಮ್ಮೆಯ ಕುತ್ತಿಗೆಗೆ ಬಂದಿತ್ತು. ಗೂಟ ನೀರಿನೊಳಗೆ, ಸೆಣಬಿನ ಹಗ್ಗದ ಗಂಟು ನೆನೆದು ಕಲ್ಲಾಗಿತ್ತು. ನಾನೂ ಮುಳುಗಿ ಉಗುರು ಹಾಕಿ ಎಳೆದೆ, ಹಲ್ಲು ಹಾಕಿ ಎಳೆದೆ. ಕುಡಗೋಲು ಎಲ್ಲಿ ಅಂತ ಕೇಳಿದೆ. ಅದು ಹೊಲದ ಮನೆಯಲ್ಲಿತ್ತು. ಚಂದ್ರಿ ಕಣ್ಣು ಅಗಲ ಮಾಡಿ ಗಂಗವ್ವನನ್ನೇ ನೋಡುತ್ತಿತ್ತು. ಮೌಲಾಸಾಬ ಬಂದು ಮುದುಕಿಯನ್ನು ಹೆಗಲಿಗೆ ಹಾಕಿಕೊಂಡ. ಅವಳು ಅವನ ಬೆನ್ನಿಗೆ ಗುದ್ದಿದಳು, ಕಚ್ಚಿದಳು. ದಿಬ್ಬ ಹತ್ತುವತನಕ ಚಂದ್ರಿಯ ಕೂಗು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಜನರೆಲ್ಲ ಉಳಿದರು. ದನಗಳು ಹನ್ನೊಂದು ಹೋದವು, ಮಣ್ಣಿನ ಮನೆಗಳು ಹೋದವು, ಜೋಳ ಪೂರ್ತಿ ಹೋಯಿತು. ನೀರಿಳಿದ ಮೇಲೆ ಊರು ಹೊಕ್ಕರೆ ಆ ಹುಳಿ ನಾತ. ಕಂಬದ ಮೇಲೆ ರಾಡಿಯ ಪಟ್ಟೆ ಕೂತಿತ್ತು. ಹೊಳೆ ಎಲ್ಲಿಯವರೆಗೆ ಬಂದಿತ್ತು ಅಂದರೆ, ಆ ಸುಳ್ಳು ಗೆರೆಗಿಂತ ಒಂದು ಗೇಣು ಕೆಳಗೆ.

ಅದೇ ಗೌಡರಿಗೆ ಸಾಕಾಯಿತು. ಊರವರೆಲ್ಲ ಇನ್ನೂ ಶಾಲೆಯಲ್ಲೇ ಇದ್ದರು. ವರಾಂಡದಲ್ಲಿ ಸಭೆ ಸೇರಿತು. ಗೌಡರು ಎದ್ದು ನಿಂತರು.

"ಕಂಬ ನೋಡಿ ಬರ್ರಿ. ಗೆರಿ ಒಣಾ ಐತಿ. ಹೊಳಿ ನಮ್ಮ ಹಿರ್ಯಾರ ಗೆರಿ ದಾಟಿಲ್ಲ. ದೇವರ ಕಲ್ಲ ಸುಳ್ಳ ಹೇಳಿಲ್ಲ. ಮನಿ ಕುಸದಿದ್ದಕ್ಕ ನೀರ ಹೊಕ್ಕೇತಿ. ಈ ಸಾಬ, ಈ ಅಕ್ಕೋರು ಕೂಡಿ ಗುಡಿಗೆ ಕೆಟ್ಟ ಹೆಸರ ತಂದ್ರು."

ಜನ ತಲೆಯಾಡಿಸಿದರು. ನೀರಿನಲ್ಲಿ ಎಲ್ಲ ಕಳೆದುಕೊಂಡವರಿಗೂ ಆ ಮಾತು ರುಚಿಸಿತು. ಗೆರೆ ನಿಜ ಅನ್ನುವುದಾದರೆ ತಪ್ಪು ಯಾರದೂ ಅಲ್ಲ. ಮೌಲಾಸಾಬ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಇನ್ನೆರಡು ದಿನ ಹೋದರೆ ಇವನನ್ನು ಊರಲ್ಲಿ ಇರಗೊಡುವುದಿಲ್ಲ ಅಂತ ನನಗೆ ಕಂಡಿತು. ಕಪಾಟು ತೆಗೆದು ನಕ್ಷೆಯ ಹಾಳೆ ತಂದೆ, ಎಲ್ಲರ ಮುಂದೆ ಬಿಚ್ಚಿ ಹಿಡಿದೆ.

"ನಿಮ್ಮ ಮೆಚ್ಚಿನ ಮಾಸ್ತರು ಬರದಾರ. ಗುಡಿ ಮುಂದ ಕಟ್ಟಿ ಕಟ್ಟೂಕಿಂತ ಮೊದಲ ಬರದಾರ. ನಾಲ್ಕ ಮೊಳ! ಈಗ ಕೋಲ ಹಿಡದು ಅಳೀರಿ, ಆರ ಆಗತೇತಿ. ಕಟ್ಟಿ ಎರಡ. ಯಾಂವಗ ಬೇಕೋ ಅಂವ ಅಳೀರಿ."

ಮೂರು ಜನ ಹೋಗಿ ಅಳೆದು ಬಂದರು. ಅವರು ಬಾಯಿ ಬಿಡಬೇಕಾಗಿರಲಿಲ್ಲ, ಮುಖವೇ ಹೇಳಿತು. ಗೌಡರು ಧೋತರ ಕೊಡವಿಕೊಂಡು ಹೊರಟುಹೋದರು. ನಾನು ಗೆದ್ದೆ ಅಂತ ಅಂದುಕೊಂಡೆ. ಹೌದು, ಅಷ್ಟೆಲ್ಲ ನೀರು ನೋಡಿದ ಮೇಲೂ ಹಾಗೆ ಅಂದುಕೊಂಡೆ. ಆಗ ಗಂಗವ್ವ ಗೋಡೆ ಹಿಡಿದು ಎದ್ದು ಬಂದಳು. ಹಾಳೆಯ ಮೇಲೆ ಬೆರಳಿಟ್ಟಳು.

"ಈ ಹಾಳಿ ನಿನಗ ಯಾವಾಗ ಸಿಕ್ತು?"

ನಾನು ಹಾಳೆ ಸುತ್ತತೊಡಗಿದೆ.

"ಯಾವಾಗ ಸಿಕ್ತು ಅಂತ ಕೇಳಾಕತ್ತೇನಿ."

"ಜೂನ್ ದಾಗ."

"ಕೋಲ ಹಿಡದು ಹ್ವಾದ್ಯಲ್ಲ, ಅವತ್ತ?"

"ಹೂಂ."

"ಅಳದವ್ರ ಒದರಬೇಕು ಅಂತ ಹೇಳಿದ್ನಿಲ್ಲ ನಾನು?"

"ಗೌಡ್ರಿಗೆ ಹೇಳಿದೆ ಆಯಿ. ಅವರು ನಕ್ಕರು."

"ಗೌಡಗ ಹೇಳು ಅಂದಿದ್ನೇನ? ಒದರು ಅಂದಿದ್ದೆ. ನನಗ ಒಂದ ಮಾತ ಹೇಳಿದ್ರ ಸಾಕಾಗಿತ್ತು. ಒಂದ ಗ್ವಾಡಿ ಆಚೆ ಇದ್ದಿ. ದಿನಾ ಚಂದ್ರಿ ಮಸರ ಉಂಡಿ."

ಅಷ್ಟೇ. ಮೌಲಾಸಾಬನ ಕಡೆಯೂ ತಿರುಗಿ ನೋಡಿದಳು. "ನೀನೂ?" ಅಂದಳು. ಅವನು ಕಣ್ಣು ಒರೆಸಿಕೊಂಡ. "ಒಮ್ಮೆ ಹೇಳಿದೆ ಯವ್ವಾ. ಎರಡನೇ ಸಲ ಹೇಳಿದ್ರ ಗುಡಿ ಮಾತಿನ್ಯಾಗ ಸಾಬಂದೇನು ಅಂತಿದ್ರು." ಅವನಿಗೆ ಅವಳು ಏನೂ ಅನ್ನಲಿಲ್ಲ. ಅವನಿಗೆ ಒಂದು ಕಾರಣವಿತ್ತು. ನನಗಿದ್ದದ್ದು ಬರೀ ಸಿಟ್ಟು.

ಮನೆ ತೊಳೆದು ಮತ್ತೆ ಹೊಕ್ಕ ಮೇಲೂ ಗಂಗವ್ವ ನನ್ನ ಕೂಡ ಮಾತಾಡಲಿಲ್ಲ. ಬೈಯಲೂ ಇಲ್ಲ. ಅವಳ ಬೈಗುಳ ಇಲ್ಲದ ಆ ಮನೆಯಲ್ಲಿ ನನಗೆ ಇರಲಾಗಲಿಲ್ಲ. ಬೇಕಂತಲೇ ಸಾಬೂನಿನ ನೀರನ್ನು ಖಾಲಿ ಗೂಟದ ಕಡೆ ಹರಿಯಬಿಟ್ಟೆ ಒಂದು ದಿನ. ಒಂದು ಮಾತಾದರೂ ಆಡಲಿ ಅಂತ. ಅವಳು ಬೂದಿ ತಂದು ಚೆಲ್ಲಿ, ಗುಡಿಸಿ, ಒಳಗೆ ಹೋದಳು. ದಸರೆಯ ನಂತರ ನನ್ನನ್ನು ಬದಲಿ ಮಾಡಬೇಕೆಂದು ಊರವರು ಅರ್ಜಿ ಬರೆದರು. ನಾನೂ ಬರೆದೆ. ಆ ಒಂದು ವಿಷಯದಲ್ಲಿ ಮಾತ್ರ ನಾವು ಒಂದೇ ಮನಸ್ಸಿನವರಾಗಿದ್ದೆವು. ಟ್ರಂಕು ಟಂಟಂಗೆ ಏರಿಸುವಾಗ ಗಂಗವ್ವ ಒಳಗೆ ಬೀಸುತ್ತಿದ್ದಳು. ಬೀಸುವ ಸದ್ದು ನಿಲ್ಲಲಿಲ್ಲ.

ಒಂದು ತಿಂಗಳ ಹಿಂದೆ ಮೌಲಾಸಾಬನ ಫೋನು ಬಂದಿತ್ತು. ಇಷ್ಟು ವರ್ಷ ಗೌಡರು ಕಂಬಕ್ಕೆ ಉಳಿ ಮುಟ್ಟಿಸಗೊಟ್ಟಿರಲಿಲ್ಲ. ಈ ಸಲ ಮಳೆಗಾಲಕ್ಕೆ ಮೊದಲು ಮೇಲಿನ ಓಣಿಯ ಹೆಂಗಸರೆಲ್ಲ ಗಂಗವ್ವನ ಹಿಂದೆ ಹೋಗಿ ಗುಡಿ ಕಟ್ಟೆಯ ಮೇಲೆ ಕೂತರಂತೆ. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಮೂರು ದಿನ ಕೂತರಂತೆ. ನಾಲ್ಕನೆಯ ದಿನ ಮೌಲಾಸಾಬ ಉಳಿ ತಂದ.

"ಗೆರಿ ಹೊಡದೇನ್ರಿ ಅಕ್ಕೋರ. ಗಂಗವ್ವ ನಿಮ್ಮನ್ನ ಕರದಾಳ. ಕರದಾಳ ಅಂದ್ರ ಪ್ರೀತಿಲೆ ಅಂತ ತಿಳೀಬ್ಯಾಡ್ರಿ."

ಹೋಗುವ ಧೈರ್ಯ ಬಂದಿರಲಿಲ್ಲ. ನೆನೆದ ಜೋಳವನ್ನು ಅಂಗಳಕ್ಕೆ ಹರವಿದ ಮರುದಿನ ಬಸ್ಸು ಹತ್ತಿದೆ.

ಗಂಗವ್ವ ಗುಡಿ ಕಟ್ಟೆಯ ಮೇಲೆ ಕೂತಿದ್ದಳು, ಮೊದಲಿಗಿಂತ ಸಣ್ಣಗಾಗಿ. ಬಾ ಅನ್ನಲಿಲ್ಲ, ಚೊಲೊ ಇದ್ದಿಯೇನ ಅನ್ನಲಿಲ್ಲ. ಮೊಳದ ಕೋಲೊಂದನ್ನು ಮುಂದೆ ಚಾಚಿದಳು. ಕಂಬದ ಮೇಲಿನ ಸುಳ್ಳು ಗೆರೆಯನ್ನು ಕೆತ್ತಿ ಅಳಿಸಿದ್ದರು, ಅಲ್ಲಿ ಕಲ್ಲು ಗಾಯದ ಹಾಗೆ ಬೆಳ್ಳಗಿತ್ತು. ಅದರ ಕೆಳಗೆ ಎರಡು ಹೊಸ ಗೆರೆ. ನಾನು ಓಣಿಯ ನೆಲಕ್ಕೆ ಕೂತು ಅಳೆದೆ. ಕೆಳಗಿನ ಗೆರೆಗೆ ನಾಲ್ಕು. ಮೇಲಿನದಕ್ಕೆ ಐದೂವರೆ.

"ಹಳೇ ಹೊಳಿ ನಾಲ್ಕ ಮೊಳ ಆಯಿ. ಹೊಸ ಹೊಳಿ ಐದೂವರಿ."

"ನನ್ನ ಕಿವ್ಯಾಗ ಯಾಕ ಹೇಳ್ತಿ?"

ಒದರಿದೆ. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಗಂಟಲು ಆವತ್ತು ಕೀರಲಾಗಿ ಬಂತು. ಕೆಳಗಿನ ಓಣಿಯ ಬಾಗಿಲುಗಳಲ್ಲಿ ಜನ ಬಂದು ನಿಂತರು. ಯಾರೂ ನಗಲಿಲ್ಲ, ಯಾರೂ ಬರ್ರಿ ಅಕ್ಕೋರ ಅನ್ನಲೂ ಇಲ್ಲ. ಗಂಗವ್ವ ತನ್ನ ಊರುಗೋಲು ಊರುತ್ತ ಮುಂದೆ ಹೊರಟಳು, ನಾನು ಹಿಂದೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. "ಕೇಳಲಿಲ್ಲ. ಇನ್ನೊಮ್ಮೆ." ಮತ್ತೆ ಒದರುತ್ತಿದ್ದೆ. ಮಲ್ಲನಗೌಡರ ಮನೆಯ ಮುಂದೆ ಎರಡು ಸಲ ಒದರಿಸಿದಳು. ಮೇಲಿನ ಓಣಿ ಮುಗಿಯುವ ಹೊತ್ತಿಗೆ ನನ್ನ ದನಿ ಒಡೆದಿತ್ತು.

ಕೊನೆಗೆ ಅವಳ ಮನೆ. ಒಳಗೆ ಕರೆಯುತ್ತಾಳೇನೋ, ಒಂದು ಲೋಟ ನೀರಾದರೂ ಕೊಡುತ್ತಾಳೇನೋ ಅಂದುಕೊಂಡೆ. ಹೊಸ್ತಿಲು ದಾಟಿ ತಗ್ಗಿನಲ್ಲಿ ನಿಂತಳು. ಅಲ್ಲಿ ಗೂಟ ಹಾಗೆಯೇ ಇತ್ತು. ಅದಕ್ಕೆ ಬೇರೆ ಎಮ್ಮೆ ಕಟ್ಟಿರಲಿಲ್ಲ. ಚಂದ್ರಿಯ ಹೆಣ ಒಯ್ಯುವಾಗ ಕಡಿದ ಸೆಣಬಿನ ಹಗ್ಗದ ಗಂಟು ಒಣಗಿ ಅದಕ್ಕೇ ಅಂಟಿಕೊಂಡಿತ್ತು.

ಗಂಗವ್ವ ಕೋಲಿನಿಂದ ಆ ಗೂಟ ತೋರಿಸಿದಳು.

"ಇಲ್ಲೇ ಒಮ್ಮೆ ಒದರು. ಇಕೀಗೂ ಕೇಳ್ಲಿ."

ನಾನು ಗೂಟದ ಮುಂದೆ ನಿಂತು ಒದರಿದೆ.